‘ಅಲ್ಲ’, ‘ಇಲ್ಲ’ ಮತ್ತು ಇಂಗ್ಲಿಷಿನ ‘ಇಟ್’, ‘ದೇರ್’

(ಮುಂಬಯಿಯ ಕನ್ನಡಿಗರ ಸಭೆಯೊಂದರಲ್ಲಿ ಇಂಗ್ಲಿಷ್ ಬರವಣಿಗೆಯ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ ತುಂಬ ಚಿಕ್ಕದು. ‘ಬಿಕಾಸ್’, ‘ಇಫ್’, ‘ಆಲ್ದೋ’, ‘ವೆನ್’ ಇಂಥ ಜೋಡಿಸುವ ಪದಗಳಾದ ಮೇಲೆ ಒಂದು ನಾಮಪದ ಬರಬೇಕಾದಾಗ ಇಂಗ್ಲಿಷ್ ಏನು ಮಾಡುತ್ತದೆ, ನಾವು ಏನು ಮಾಡುತ್ತೇವೆ ಅನ್ನುವುದಷ್ಟೇ. ವಿಷಯ ಚಿಕ್ಕದಾದರೂ ಅದು ಎಲ್ಲೆಲ್ಲೂ ಇದೆ. ಹೌಸಿಂಗ್ ಸೊಸೈಟಿಯ ನೋಟೀಸು, ಆಫೀಸಿನ ಮೇಲ್, ಮಕ್ಕಳ ಶಾಲೆಗೆ ಬರೆಯುವ ರಜಾ ಚೀಟಿ, ಬ್ಯಾಂಕಿಗೆ ಕೊಡುವ ಅರ್ಜಿ, ಹೋಟೆಲಿನ ಬಾಗಿಲಿಗೆ ಅಂಟಿಸುವ ಕಾಗದ, ಯಾವುದನ್ನು ತೆಗೆದುಕೊಂಡರೂ ಈ ಜಾಗದಲ್ಲಿ ಎಡವಿರುವುದು ಕಾಣುತ್ತದೆ.

ಮರಾಠಿಗರ ಯುಗಾದಿಯಾದ ಗುಡಿ ಪಾಡ್ವದ ಬಗ್ಗೆ ಒಂದು ವಾಕ್ಯ ನೋಡಿ: ‘ಆಫೀಸ್ ವಿಲ್ ಬಿ ಕ್ಲೋಸ್ಡ್ ಟುಮಾರೋ ಬಿಕಾಸ್ ಗುಡಿ ಪಾಡ್ವಾ.’ ಓದಿದವರಿಗೆ ಅರ್ಥ ಆಗುತ್ತದೆ. ಆದರೆ ‘ಬಿಕಾಸ್’ ಆದ ಮೇಲೆ ಏನೋ ಬಿಟ್ಟುಹೋಗಿದೆ. ಅಲ್ಲಿ ಇರಬೇಕಾದದ್ದು ‘ಬಿಕಾಸ್ ಇಟ್ ಈಸ್ ಗುಡಿ ಪಾಡ್ವಾ’. ಬರೆದವರಿಗೆ ಆ ‘ಇಟ್ ಈಸ್’ ಯಾಕೆ ಹೊಳೆಯಲಿಲ್ಲ? ಯಾಕೆಂದರೆ ಕನ್ನಡದಲ್ಲಿ ‘ನಾಳೆ ಗುಡಿ ಪಾಡ್ವ’ ಅಂದರೆ ಅಲ್ಲಿಗೆ ವಾಕ್ಯ ಮುಗಿಯಿತು. ಅದರಲ್ಲಿ ಕ್ರಿಯಾಪದ ಇಲ್ಲ, ಬೇಕಾಗಿಯೂ ಇಲ್ಲ. ಆ ಪೂರ್ಣ ವಾಕ್ಯವನ್ನೇ ಇಂಗ್ಲಿಷಿಗೆ ಒಯ್ದರೆ ಅದು ಅಲ್ಲಿ ಅರ್ಧ ವಾಕ್ಯ ಆಗುತ್ತದೆ. ಕನ್ನಡ ಚೆನ್ನಾಗಿ ಬರುವುದರಿಂದಲೇ ಆಗುವ ತಪ್ಪು ಇದು. ಅದನ್ನು ತಿದ್ದಿಕೊಳ್ಳಲಿಕ್ಕೂ ಕನ್ನಡವೇ ಸಾಕು ಅನ್ನುವುದು ನಮ್ಮ ಅಭಿಪ್ರಾಯ. ಇವತ್ತು ಹೇಳಬೇಕೆಂದಿರುವುದು ಮುಖ್ಯವಾಗಿ ಅದನ್ನೇ.

ಮುಂಬಯಿಯ ಕನ್ನಡಿಗರಿಗೆ ಇನ್ನೊಂದು ತೊಡಕೂ ಇದೆ. ಸುತ್ತ ಕೇಳುವ ಮರಾಠಿ, ಹಿಂದಿ, ಗುಜರಾತಿ, ಕೊಂಕಣಿ, ತುಳು ಯಾವುದರಲ್ಲೂ ಅರ್ಥವಿಲ್ಲದೆ ಜಾಗ ತುಂಬುವ ‘ಇಟ್’ ಅನ್ನುವಂಥ ಪದ ಇಲ್ಲ. ಮಳೆ ಬರುತ್ತಿದ್ದರೆ ಈ ಎಲ್ಲ ಭಾಷೆಗಳಲ್ಲೂ ಮಳೆಯೇ ಬರುತ್ತದೆ, ಮಳೆಯೇ ಬೀಳುತ್ತದೆ. ಹಾಗಾಗಿ ತಪ್ಪು ವಾಕ್ಯ ಬರೆದಾಗ ಪಕ್ಕದವರಿಗೂ ಅದು ತಪ್ಪೆಂದು ಅನಿಸುವುದಿಲ್ಲ.

ಇಂಗ್ಲಿಷ್ ಕೇಳುವುದು ಇಷ್ಟೇ: ಉಪವಾಕ್ಯ (ದೊಡ್ಡ ವಾಕ್ಯದೊಳಗೆ ಸೇರುವ ಚಿಕ್ಕ ವಾಕ್ಯ) ಎಂದಮೇಲೆ ಅದರಲ್ಲಿ ಒಂದು ಕರ್ತೃ, ಒಂದು ಕ್ರಿಯಾಪದ ಇರಲೇಬೇಕು, ಮತ್ತು ಕರ್ತೃ ಕ್ರಿಯಾಪದಕ್ಕಿಂತ ಮುಂಚೆ ಬರಬೇಕು. ಹೇಳಲಿಕ್ಕೆ ಕರ್ತೃವೇ ಇಲ್ಲದಿದ್ದರೂ ಆ ಜಾಗ ಖಾಲಿ ಇರಕೂಡದು. ಬಸ್ಸಿನಲ್ಲಿ ಕರವಸ್ತ್ರ ಹಾಕಿ ಸೀಟು ಹಿಡಿಯುತ್ತಾರಲ್ಲ, ‘ಇಟ್’ ಮತ್ತು ‘ದೇರ್’ ಮಾಡುವ ಕೆಲಸ ಅದೇ. ‘ಇಟ್ ಈಸ್ ಸಂಡೇ’ ಅಂದಾಗ ‘ಇಟ್’ ಯಾವ ವಸ್ತುವನ್ನೂ ತೋರಿಸುವುದಿಲ್ಲ. ‘ದೇರ್ ಈಸ್ ಎ ಸ್ಟ್ರೈಕ್’ ಅಂದಾಗ ‘ದೇರ್’ ಅಂದರೆ ‘ಅಲ್ಲಿ’ ಎಂದೂ ಅರ್ಥವಲ್ಲ. ಹಾಗಾಗಿಯೇ ‘ದೇರ್ ಈಸ್ ಎ ಸ್ಟ್ರೈಕ್ ದೇರ್’ ಎಂದು ಎರಡು ಸಲ ಹೇಳಿದರೂ ತಪ್ಪಾಗುವುದಿಲ್ಲ. ಮೊದಲನೆಯದು ಜಾಗ ಹಿಡಿದದ್ದು, ಕೊನೆಯದು ನಿಜವಾದ ‘ಅಲ್ಲಿ’.

ಇಂಗ್ಲಿಷ್ ಹಿಂದೆ ಈ ವಿಷಯದಲ್ಲಿ ಇಷ್ಟು ಬಿಗಿಯಾಗಿರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ನಮ್ಮ ಹಾಗೆಯೇ ವಿಭಕ್ತಿ ಪ್ರತ್ಯಯಗಳಿದ್ದವು. ‘ನನಗೆ ಅನ್ನಿಸುತ್ತದೆ’, ‘ನನಗೆ ಹಸಿವಾಗುತ್ತದೆ’ ಎಂದು ನಾವು ಚತುರ್ಥಿಯಲ್ಲಿ ಹೇಳುವುದನ್ನು ಅವರೂ ಚತುರ್ಥಿಯಲ್ಲೇ ಹೇಳುತ್ತಿದ್ದರು. ಶೇಕ್ಸ್‌ಪಿಯರನ ಕಾಲದ ನಾಟಕಗಳಲ್ಲಿ ಬರುವ ‘ಮಿಥಿಂಕ್ಸ್’ ಆ ಪದ್ಧತಿಯ ಉಳಿಕೆ. ಅಲ್ಲಿರುವ ‘ಮಿ’ ಅಂದರೆ ‘ನನಗೆ’. ಕಾಲಕ್ರಮದಲ್ಲಿ ಪ್ರತ್ಯಯಗಳು ಸವೆದುಹೋದವು. ಯಾರು ಮಾಡಿದ್ದು, ಯಾರಿಗೆ ಆದದ್ದು ಎಂದು ತಿಳಿಸುವ ಕೆಲಸ ಪದಗಳ ಕ್ರಮದ ಮೇಲೆ ಬಿತ್ತು. ಕ್ರಿಯಾಪದಕ್ಕಿಂತ ಮುಂಚಿನ ಜಾಗ ಕರ್ತೃವಿನದು ಎಂದು ಗಟ್ಟಿಯಾದ ಮೇಲೆ ಅದನ್ನು ಖಾಲಿ ಬಿಡಲಿಕ್ಕೆ ಆಗಲಿಲ್ಲ.

ಇನ್ನು ಜೋಡಿಸುವ ಪದಗಳಿಗೆ ಬರೋಣ. ಇವುಗಳಲ್ಲಿ ಎರಡು ಬಳಗ. ಒಂದು ಬಳಗದ ಮುಂದೆ ಪೂರ್ತಿ ಉಪವಾಕ್ಯ ಬರಬೇಕು: ‘ಬಿಕಾಸ್’, ‘ಆಲ್ದೋ’, ‘ದೋ’, ‘ಇಫ್’, ‘ಅನ್‌ಲೆಸ್’, ‘ವೆನ್’, ‘ವೈಲ್’, ‘ವೆದರ್’, ‘ದ್ಯಾಟ್’. ಇನ್ನೊಂದು ಬಳಗದ ಮುಂದೆ ಬರಿಯ ನಾಮಪದ ಸಾಕು: ‘ಬಿಕಾಸ್ ಆಫ್’, ‘ಡ್ಯೂ ಟು’, ‘ಓಯಿಂಗ್ ಟು’, ‘ಡಿಸ್ಪೈಟ್’, ‘ಇನ್ ಸ್ಪೈಟ್ ಆಫ್’, ‘ಡ್ಯೂರಿಂಗ್’, ‘ಇನ್ ಕೇಸ್ ಆಫ್’, ‘ವಿದೌಟ್’. ಮಧ್ಯ ರೈಲ್ವೆಯಲ್ಲಿ ಭಾನುವಾರ ಮೆಗಾ ಬ್ಲಾಕ್ (ಹಳಿ ದುರಸ್ತಿಗೆಂದು ಕೆಲವು ಗಂಟೆ ರೈಲು ನಿಲ್ಲಿಸುವುದು) ಇದ್ದರೆ ‘ಬಿಕಾಸ್ ಆಫ್ ದ ಮೆಗಾ ಬ್ಲಾಕ್’ ಅನ್ನಬಹುದು, ‘ಬಿಕಾಸ್ ದೇರ್ ಈಸ್ ಎ ಮೆಗಾ ಬ್ಲಾಕ್’ ಅನ್ನಬಹುದು. ‘ಬಿಕಾಸ್ ಮೆಗಾ ಬ್ಲಾಕ್’ ಆಗುವುದಿಲ್ಲ, ‘ಬಿಕಾಸ್ ಆಫ್ ದೇರ್ ಈಸ್ ಎ ಮೆಗಾ ಬ್ಲಾಕ್’ ಕೂಡ ಆಗುವುದಿಲ್ಲ. ಪಶ್ಚಿಮ ರೈಲ್ವೆಯ ಜಂಬೋ ಬ್ಲಾಕಿಗೂ ಇದೇ ನಿಯಮ.

ಬಳಗ ಬದಲಾದಾಗ ಆಗುವ ತಪ್ಪುಗಳು ಹೆಚ್ಚಾಗಿ ‘ಡಿಸ್ಪೈಟ್’ ಸುತ್ತ ಕಾಣುತ್ತವೆ. ‘ಡಿಸ್ಪೈಟ್ ಇಟ್ ವಾಸ್ ರೈನಿಂಗ್’ ತಪ್ಪು. ‘ಡಿಸ್ಪೈಟ್ ಆಫ್ ರೈನ್’ ಇನ್ನೊಂದು ಬಗೆಯ ತಪ್ಪು, ‘ಇನ್ ಸ್ಪೈಟ್ ಆಫ್’ ಜೊತೆ ಬೆರೆತುಹೋದದ್ದು. ‘ಡಿಸ್ಪೈಟ್ ದ ರೈನ್’ ಸರಿ, ‘ಆಲ್ದೋ ಇಟ್ ವಾಸ್ ರೈನಿಂಗ್’ ಸರಿ.

ಎರಡೂ ಬಳಗಕ್ಕೆ ಸೇರುವ ಕೆಲವು ಪದಗಳಿವೆ. ಜಾಗ್ರತೆ ಬೇಕಾದದ್ದು ಇಲ್ಲೇ, ಯಾಕೆಂದರೆ ಇಲ್ಲಿ ವಾಕ್ಯ ಒಡೆಯುವುದಿಲ್ಲ, ಸದ್ದಿಲ್ಲದೆ ಅರ್ಥ ಬದಲಾಗುತ್ತದೆ. ‘ಬಿಫೋರ್’, ‘ಆಫ್ಟರ್’, ‘ಅಂಟಿಲ್’ ತೊಂದರೆ ಕೊಡುವುದಿಲ್ಲ: ‘ಬಿಫೋರ್ ದ ಮೀಟಿಂಗ್’ ಅಂದರೂ ಸರಿ, ‘ಬಿಫೋರ್ ದ ಮೀಟಿಂಗ್ ಸ್ಟಾರ್ಟ್ಸ್’ ಅಂದರೂ ಸರಿ. ‘ಸಿನ್ಸ್’ ಹಾಗಲ್ಲ. ‘ಸಿನ್ಸ್ ದ ಸ್ಟ್ರೈಕ್’ ಅಂದರೆ ‘ಮುಷ್ಕರ ಆದಂದಿನಿಂದ’, ‘ಸಿನ್ಸ್ ದೇರ್ ಈಸ್ ಎ ಸ್ಟ್ರೈಕ್’ ಅಂದರೆ ‘ಮುಷ್ಕರ ಇರುವುದರಿಂದ’. ಬರಿಯ ನಾಮಪದ ಬಂದರೆ ಅದು ಕಾಲವನ್ನು ಮಾತ್ರ ಹೇಳುತ್ತದೆ, ಕಾರಣವನ್ನು ಎಂದೂ ಹೇಳುವುದಿಲ್ಲ. ‘ಆ್ಯಸ್’ ಇನ್ನೂ ಮೋಸದ್ದು. ‘ಆ್ಯಸ್ ಸೆಕ್ರೆಟರಿ’ ಅಂದರೆ ‘ಸೆಕ್ರೆಟರಿಯಾಗಿ’, ‘ಆ್ಯಸ್ ಎ ಹಾಲಿಡೇ’ ಅಂದರೆ ‘ರಜೆಯಾಗಿ’. ‘ರಜೆಯಾದ್ದರಿಂದ’ ಎಂದು ಹೇಳಬೇಕಾದರೆ ‘ಆ್ಯಸ್ ಇಟ್ ಈಸ್ ಎ ಹಾಲಿಡೇ’ ಎಂದೇ ಬರೆಯಬೇಕು. ‘ಆ್ಯಸ್ ಹಾಲಿಡೇ, ಬ್ಯಾಂಕ್ ಈಸ್ ಕ್ಲೋಸ್ಡ್’ ಎಂಬ ವಾಕ್ಯವನ್ನು ಇಂಗ್ಲಿಷ್ ಮನೆಮಾತಿನವರು ಓದಿದರೆ ಒಂದು ಕ್ಷಣ ನಿಲ್ಲಬೇಕಾಗುತ್ತದೆ.

ಜಾಗ ತುಂಬಬೇಕು ಎಂದಾಯಿತು. ಯಾವುದರಿಂದ ತುಂಬಬೇಕು, ‘ಇಟ್’ನಿಂದಲೋ ‘ದೇರ್’ನಿಂದಲೋ? ನಮಗೆ ಎದುರಾಗುವ ಪ್ರಶ್ನೆಗಳಲ್ಲಿ ಅತಿ ಹೆಚ್ಚಿನವು ಇದರ ಬಗ್ಗೆಯೇ. ವ್ಯಾಕರಣದ ಪುಸ್ತಕಗಳು ಇದಕ್ಕೆ ಉದ್ದದ ಪಟ್ಟಿ ಕೊಡುತ್ತವೆ: ಹವಾಮಾನ, ಸಮಯ, ದೂರ, ದಿನಕ್ಕೆ ‘ಇಟ್’, ಅಸ್ತಿತ್ವಕ್ಕೆ ‘ದೇರ್’. ಪಟ್ಟಿ ಸರಿಯೇ, ಆದರೆ ಬರೆಯುವ ಹೊತ್ತಿಗೆ ನೆನಪಿಗೆ ಬರುವುದಿಲ್ಲ. ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ ದಾರಿ ಇದೆ. ವಾಕ್ಯವನ್ನು ಕನ್ನಡದಲ್ಲಿ ಹೇಳಿ, ಅದನ್ನು ನಿಷೇಧ ಮಾಡಿ ನೋಡಿ. ‘ಅಲ್ಲ’ ಬಂದರೆ ‘ಇಟ್’. ‘ಇಲ್ಲ’ ಬಂದರೆ ‘ದೇರ್’.

‘ಇವತ್ತು ಭಾನುವಾರ’, ನಿಷೇಧ ಮಾಡಿದರೆ ‘ಇವತ್ತು ಭಾನುವಾರ ಅಲ್ಲ’. ಆದ್ದರಿಂದ ‘ಇಟ್ ಈಸ್ ಸಂಡೇ’. ‘ಇವತ್ತು ಮುಷ್ಕರ’, ನಿಷೇಧ ಮಾಡಿದರೆ ‘ಇವತ್ತು ಮುಷ್ಕರ ಇಲ್ಲ’. ಆದ್ದರಿಂದ ‘ದೇರ್ ಈಸ್ ಎ ಸ್ಟ್ರೈಕ್’. ಎರಡು ವಾಕ್ಯಗಳೂ ಮೇಲ್ನೋಟಕ್ಕೆ ಒಂದೇ ಅಚ್ಚಿನವು, ಎರಡರಲ್ಲೂ ಕ್ರಿಯಾಪದ ಇಲ್ಲ. ನಿಷೇಧ ಮಾಡಿದಾಗಲೇ ಒಳಗಿನ ವ್ಯತ್ಯಾಸ ಹೊರಗೆ ಬರುವುದು. ಒಂದೇ ನಾಮಪದ ಎರಡೂ ಕಡೆ ನಿಲ್ಲಬಲ್ಲದು ಅನ್ನುವುದೂ ಗೊತ್ತಿರಲಿ. ‘ಇದು ಪರೀಕ್ಷೆ ಅಲ್ಲ, ಅಭ್ಯಾಸಕ್ಕೆ ಕೊಟ್ಟದ್ದು’ ಅಂದರೆ ‘ಇಟ್ ಈಸ್ ನಾಟ್ ಆ್ಯನ್ ಎಕ್ಸಾಮ್’. ‘ನಾಳೆ ಪರೀಕ್ಷೆ ಇಲ್ಲ’ ಅಂದರೆ ‘ದೇರ್ ಈಸ್ ನೋ ಎಕ್ಸಾಮ್ ಟುಮಾರೋ’. ‘ಇಟ್’ ಜೊತೆ ‘ನಾಟ್’, ‘ದೇರ್’ ಜೊತೆ ‘ನೋ’ ಬಂದಿರುವುದನ್ನೂ ಗಮನಿಸಿ. ‘ದೇರ್ ಈಸ್ ನಾಟ್ ವಾಟರ್’ ಅನ್ನುವುದಿಲ್ಲ. ‘ದೇರ್ ಈಸ್ ನೋ ವಾಟರ್’ ಅಥವಾ ‘ದೇರ್ ಈಸಂಟ್ ಎನಿ ವಾಟರ್’ ಅನ್ನಬೇಕು.

ಮನೆಯಲ್ಲಿ ತುಳು ಮಾತಾಡುವವರು ಇಲ್ಲಿ ಬಹಳ ಮಂದಿ ಇದ್ದೀರಿ. ನಿಮ್ಮ ‘ಅತ್ತ್’ ಮತ್ತು ‘ಇಜ್ಜಿ’ ಇದೇ ಕೆಲಸ ಮಾಡುತ್ತವೆ. ಗೋವಾ, ಕಾರವಾರ, ಮಂಗಳೂರು ಕಡೆಯ ಕೊಂಕಣಿಗರಿಗೆ ‘ನ್ಹಯ್’ ಮತ್ತು ‘ನಾ’ ಇವೆ. ಹಿಂದಿಯಲ್ಲಿ ‘ನಹೀಂ’ ಒಂದೇ, ಮಾತಿನ ಮರಾಠಿಯಲ್ಲಿ ‘ನಾಹೀ’ ಎರಡೂ ಕಡೆ ನಡೆಯುತ್ತದೆ. ಹಾಗಾಗಿ ಈ ಪರೀಕ್ಷೆಯನ್ನು ಹಿಂದಿಯಲ್ಲಿ ಯೋಚಿಸಿ ಮಾಡಿದರೆ ಫಲ ಸಿಗುವುದಿಲ್ಲ. ಎಷ್ಟೋ ವರ್ಷ ಇಲ್ಲಿದ್ದು ಆಫೀಸಿನ ಯೋಚನೆಯೆಲ್ಲ ಹಿಂದಿಯಲ್ಲೇ ನಡೆಯುವವರು ಈ ಒಂದು ಘಳಿಗೆ ಮನೆಮಾತಿಗೆ ಮರಳಬೇಕು.

ಉಪವಾಕ್ಯದಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟ. ‘ಭಾನುವಾರವಾದ್ದರಿಂದ’, ‘ಮುಷ್ಕರವಿರುವುದರಿಂದ’, ‘ಮುಷ್ಕರದಿಂದಾಗಿ’ ಈ ಮೂರನ್ನೂ ಬಿಡಿಸಿ ನೋಡಿ. ಮೊದಲನೆಯದರಲ್ಲಿ ‘ಆಗು’ ಧಾತು ಇದೆ, ಅದು ‘ಬಿಕಾಸ್ ಇಟ್ ಈಸ್’. ಎರಡನೆಯದರಲ್ಲಿ ‘ಇರು’ ಇದೆ, ಅದು ‘ಬಿಕಾಸ್ ದೇರ್ ಈಸ್’. ಮೂರನೆಯದರಲ್ಲಿ ಪ್ರತ್ಯಯ ನೇರವಾಗಿ ನಾಮಪದಕ್ಕೇ ಹತ್ತಿದೆ, ಅದು ‘ಬಿಕಾಸ್ ಆಫ್’. ‘ಭಾನುವಾರವಾದರೂ’ ಅಂದರೆ ‘ಆಲ್ದೋ ಇಟ್ ಈಸ್ ಸಂಡೇ’, ‘ಮುಷ್ಕರವಿದ್ದರೂ’ ಅಂದರೆ ‘ಆಲ್ದೋ ದೇರ್ ಈಸ್ ಎ ಸ್ಟ್ರೈಕ್’. ‘ಆದರೆ–ಇದ್ದರೆ’, ‘ಆದಾಗ–ಇದ್ದಾಗ’ ಜೋಡಿಗಳೂ ಹೀಗೆಯೇ. ಇಂಗ್ಲಿಷಿಗೆ ತರುವಾಗ ನಾವು ಕೊನೆಯ ‘ಇಂದ’, ‘ಊ’, ‘ಅರೆ’ಗಳನ್ನು ಎತ್ತಿ ಮುಂದೆ ‘ಬಿಕಾಸ್’, ‘ಆಲ್ದೋ’, ‘ಇಫ್’ ಮಾಡಿ ಇಡುತ್ತೇವೆ, ನಡುವಿನ ‘ಆದ’, ‘ಇರುವ’ಗಳನ್ನು ಅಲ್ಲೇ ಬಿಟ್ಟುಬಿಡುತ್ತೇವೆ. ಬಿಟ್ಟುಹೋದ ಆ ತುಣುಕೇ ‘ಇಟ್ ಈಸ್’ ಅಥವಾ ‘ದೇರ್ ಈಸ್’. ಮರಾಠಿಯ ‘ಅಸಲ್ಯಾಮುಳೇ’, ಹಿಂದಿಯ ‘ಹೋನೇ ಕೇ ಕಾರಣ್’ ರವಿವಾರಕ್ಕೂ ಸಲ್ಲುತ್ತವೆ, ಮುಷ್ಕರಕ್ಕೂ ಸಲ್ಲುತ್ತವೆ. ಅಲ್ಲಿ ಸಿಗದ ಸುಳಿವು ಕನ್ನಡದಲ್ಲಿ ಸಿಗುತ್ತದೆ.

ಉತ್ತರ ಕರ್ನಾಟಕದವರಿಗೆ ಒಂದು ಮಾತು. ‘ಇವತ್ತ ರವಿವಾರ ಐತಿ’ ಎಂದು ಹೇಳುವ ರೂಢಿ ನಿಮ್ಮಲ್ಲಿದೆ. ಅಲ್ಲಿ ‘ಐತಿ’ ನೋಡಿ ‘ದೇರ್’ ಹಾಕಬೇಡಿ. ನಿಷೇಧ ಮಾಡಿದರೆ ನೀವೂ ‘ರವಿವಾರ ಅಲ್ಲ’ ಅಂತಲೇ ಅನ್ನುವುದು. ಹಾಗಾಗಿ ವಾಕ್ಯದ ಕೊನೆಗಿಂತ ನಿಷೇಧದ ಪರೀಕ್ಷೆಯನ್ನೇ ಹೆಚ್ಚು ನಂಬಬೇಕು.

ಈ ಪರೀಕ್ಷೆ ಕೈಕೊಡುವ ಜಾಗಗಳನ್ನೂ ಹೇಳಬೇಕು.

ಒಂದು, ಹವಾಮಾನ. ‘ಮಳೆ ಇಲ್ಲ’ ಅನ್ನುತ್ತೇವೆ, ‘ಸೆಕೆ ಇಲ್ಲ’ ಅನ್ನುತ್ತೇವೆ. ಪರೀಕ್ಷೆಯ ಪ್ರಕಾರ ಎರಡಕ್ಕೂ ‘ದೇರ್’ ಬರಬೇಕು. ಆದರೆ ಇಂಗ್ಲಿಷ್ ಹವೆಯನ್ನು ಹೆಚ್ಚಾಗಿ ವಿಶೇಷಣದಿಂದಲೋ ಕ್ರಿಯಾಪದದಿಂದಲೋ ಹೇಳುತ್ತದೆ: ‘ಇಟ್ ಈಸ್ ಹಾಟ್’, ‘ಇಟ್ ಈಸ್ ರೈನಿಂಗ್’. ನಾಮಪದವಾಗಿಯೇ ಹೇಳುವುದಾದರೆ ಮಾತ್ರ ‘ದೇರ್’: ‘ಬಿಕಾಸ್ ದೇರ್ ವಾಸ್ ಹೆವಿ ರೈನ್ ಇನ್ ಠಾಣೆ’. ಅಂದರೆ ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ‘ಈಸ್’ ಆದ ಮೇಲೆ ಬರುವುದು ನಾಮಪದವೋ ಅಲ್ಲವೋ? ‘ಇಟ್ ಈಸ್ ಹೆವಿ ರೈನ್’ ಮತ್ತು ‘ದೇರ್ ಈಸ್ ರೈನಿಂಗ್’ ಎರಡೂ ಈ ಅಡ್ಡಹಾದಿಯಲ್ಲಿ ಹುಟ್ಟುವ ತಪ್ಪುಗಳು.

ಎರಡು, ಸಮಯ ಮತ್ತು ದೂರ. ‘ಐದು ಗಂಟೆ ಆಗಿಲ್ಲ’ ಎಂಬಲ್ಲಿ ‘ಇಲ್ಲ’ ಕೇಳಿಸಿದರೂ ಅದು ‘ಆಗು’ ಧಾತುವಿನ ನಿಷೇಧ. ಆದ್ದರಿಂದ ‘ಇಟ್ ಈಸ್ ನಾಟ್ ಯೆಟ್ ಫೈವ್’. ದೂರಕ್ಕೆ ಯಾವಾಗಲೂ ‘ಇಟ್’: ಮುಂಬಯಿಯಿಂದ ಪುಣೆಗೆ ರಸ್ತೆಯಲ್ಲಿ ಸುಮಾರು 150 ಕಿಲೋಮೀಟರ್, ‘ಇಟ್ ಈಸ್ ಅಬೌಟ್ 150 ಕಿಲೋಮೀಟರ್ಸ್ ಫ್ರಮ್ ಮುಂಬಯಿ ಟು ಪುಣೆ’. ‘ಹೋಗಲಿಕ್ಕೆ ಮೂರು ಗಂಟೆ ಬೇಕು’ ಅನ್ನುವುದಕ್ಕೆ ‘ಥ್ರೀ ಅವರ್ಸ್ ಈಸ್ ನೀಡೆಡ್’ ಅನ್ನುವ ಬದಲು ‘ಇಟ್ ಟೇಕ್ಸ್ ಥ್ರೀ ಅವರ್ಸ್’. ‘ಅವರು ಬಂದು ಎರಡು ವರ್ಷ ಆಯಿತು’ ಅಂದರೆ ‘ಇಟ್ ಹ್ಯಾಸ್ ಬೀನ್ ಟೂ ಇಯರ್ಸ್ ಸಿನ್ಸ್ ದೇ ಕೇಮ್’.

ಮೂರು, ‘ನನಗೆ’, ‘ಅವರಿಗೆ’ ಎಂದು ಶುರುವಾಗುವ ವಾಕ್ಯಗಳು. ‘ಅವರಿಗೆ ಕೆಲಸ ಇದೆ’ ಎಂಬಲ್ಲಿ ‘ಇದೆ’ ಇದ್ದರೂ ಇಂಗ್ಲಿಷಿನಲ್ಲಿ ಒಡೆಯನೇ ಕರ್ತೃ: ‘ಬಿಕಾಸ್ ದೇ ಹ್ಯಾವ್ ವರ್ಕ್’. ಇಲ್ಲಿ ಜಾಗ ತುಂಬುವ ಪದವೇ ಬೇಡ. ಚತುರ್ಥಿ ಕಂಡರೆ ಮೊದಲು ‘ಹ್ಯಾವ್’ ನೆನಪಾಗಲಿ.

ನಾಲ್ಕನೆಯದು ಸ್ವಲ್ಪ ನಯವಾದದ್ದು. ‘ಮ್ಯಾನೇಜರ್ ಕ್ಯಾಬಿನ್‌ನಲ್ಲಿದ್ದಾರೆ’ ಮತ್ತು ‘ಕ್ಯಾಬಿನ್‌ನಲ್ಲಿ ಯಾರೋ ಇದ್ದಾರೆ’ ಎರಡೂ ‘ಇರು’ ವಾಕ್ಯಗಳು. ಆದರೆ ‘ದೇರ್’ ಬರುವುದು ಎರಡನೆಯದಕ್ಕೆ ಮಾತ್ರ: ‘ದೇರ್ ಈಸ್ ಸಮ್‌ಒನ್ ಇನ್ ದ ಕ್ಯಾಬಿನ್’. ಕೇಳುವವರಿಗೆ ಈಗಾಗಲೇ ಗೊತ್ತಿರುವ ವ್ಯಕ್ತಿ ಅಥವಾ ವಸ್ತು ಆದರೆ ಅದೇ ನೇರವಾಗಿ ಕರ್ತೃ: ‘ಬಿಕಾಸ್ ದ ಮ್ಯಾನೇಜರ್ ವಾಸ್ ಇನ್ ದ ಕ್ಯಾಬಿನ್’. ಕನ್ನಡ ಇದನ್ನು ಪದಗಳ ಕ್ರಮದಲ್ಲೇ ತೋರಿಸುತ್ತದೆ. ಗೊತ್ತಿರುವುದು ಮೊದಲು ಬಂದರೆ ‘ದೇರ್’ ಬೇಡ. ಜಾಗ ಮೊದಲು ಬಂದು ಹೊಸದು ಆಮೇಲೆ ಬಂದರೆ ‘ದೇರ್’ ಬೇಕು. ಹೆಸರುಗಳ, ‘ದ’, ‘ಮೈ’, ‘ದಿಸ್’ ಹತ್ತಿದ ನಾಮಪದಗಳ ಮುಂದೆ ‘ದೇರ್ ಈಸ್’ ಬರೆಯುವ ಮುನ್ನ ಒಮ್ಮೆ ನಿಂತು ನೋಡಿ.

ಕ್ರಿಯಾಪದದ ವಚನ, ಕಾಲ, ಕ್ರಮದ ಬಗ್ಗೆ ಬೇಗ ಹೇಳಿ ಮುಗಿಸುತ್ತೇವೆ. ‘ಇಟ್’ ಯಾವಾಗಲೂ ಏಕವಚನ, ಮುಂದೆ ಏನೇ ಬರಲಿ: ‘ಇಟ್ ಈಸ್ ದ ನೇಬರ್ಸ್’. ‘ದೇರ್’ ಆದರೆ ಮುಂದೆ ಬರುವ ನಾಮಪದ ನೋಡಿಕೊಳ್ಳಬೇಕು: ‘ದೇರ್ ಈಸ್ ಎ ಕಂಪ್ಲೇಂಟ್’, ‘ದೇರ್ ಆರ್ ಫೋರ್ ಕಂಪ್ಲೇಂಟ್ಸ್’, ‘ದೇರ್ ಹ್ಯಾವ್ ಬೀನ್ ಕಂಪ್ಲೇಂಟ್ಸ್’. ಆಡುಮಾತಿನಲ್ಲಿ ನಾವು ‘ನಾಲ್ಕು ಕುರ್ಚಿ ಇದೆ’ ಅನ್ನುತ್ತೇವೆ, ‘ಇವೆ’ ಅನ್ನುವುದು ಕಡಿಮೆ. ‘ದೇರ್ ಈಸ್ ಫೋರ್ ಚೇರ್ಸ್’ ಬರುವುದು ಅಲ್ಲಿಂದ. ಇನ್ನು ಕಾಲ: ‘ಇಫ್’, ‘ವೆನ್’, ‘ಅನ್‌ಲೆಸ್’ ಆದ ಮೇಲೆ ನಾಳೆಯ ವಿಷಯಕ್ಕೂ ವರ್ತಮಾನವೇ. ‘ಇಫ್ ದೇರ್ ವಿಲ್ ಬಿ ಎ ಸ್ಟ್ರೈಕ್ ಟುಮಾರೋ’ ಅಲ್ಲ, ‘ಇಫ್ ದೇರ್ ಈಸ್ ಎ ಸ್ಟ್ರೈಕ್ ಟುಮಾರೋ’. ನಮ್ಮ ‘ಇದ್ದರೆ’ಯಲ್ಲಿ ಭವಿಷ್ಯತ್ತಿನ ಗುರುತು ಇಲ್ಲ ಎಂಬುದನ್ನು ನೆನಪಿಟ್ಟರೆ ಸಾಕು. ಕ್ರಮ: ‘ಈಸ್ ದೇರ್ ಎ ಟ್ರೇನ್?’ ನೇರ ಪ್ರಶ್ನೆ. ಅದು ‘ವೆದರ್’ ಅಥವಾ ‘ಇಫ್’ ಒಳಗೆ ಸೇರಿದ ಕೂಡಲೇ ‘ದೇರ್’ ಮತ್ತೆ ಮೊದಲಿಗೆ ಬರುತ್ತದೆ: ‘ಪ್ಲೀಸ್ ಚೆಕ್ ವೆದರ್ ದೇರ್ ಈಸ್ ಎ ಟ್ರೇನ್’.

‘ಅನ್‌ಲೆಸ್’ಗೆ ಇನ್ನೊಂದು ಎಚ್ಚರ. ಅದು ‘ಇಲ್ಲದಿದ್ದರೆ’, ಅಂದರೆ ನಿಷೇಧ ಅದರ ಹೊಟ್ಟೆಯಲ್ಲೇ ಇದೆ. ‘ಅನ್‌ಲೆಸ್ ದೇರ್ ಈಸ್ ನೋ ಎಮರ್ಜೆನ್ಸಿ, ಡೋಂಟ್ ಯೂಸ್ ದಿಸ್ ಡೋರ್’ ಎಂದು ಬರೆದರೆ ಹೇಳಬೇಕಾದದ್ದಕ್ಕೆ ತದ್ವಿರುದ್ಧ ಆಗುತ್ತದೆ. ಇಂಥ ಬಾಗಿಲಿನ ಮೇಲೆ ಅದು ಬರಿಯ ವ್ಯಾಕರಣದ ಮಾತಲ್ಲ.

‘ಇನ್ ಕೇಸ್’ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ‘ಇನ್ ಕೇಸ್ ಆಫ್ ರೈನ್, ದ ಪ್ರೋಗ್ರಾಮ್ ವಿಲ್ ಬಿ ಹೆಲ್ಡ್ ಇನ್ ದ ಹಾಲ್’ ಅಂದರೆ ‘ಮಳೆ ಬಂದರೆ’ ಕಾರ್ಯಕ್ರಮ ಸಭಾಂಗಣದಲ್ಲಿ. ‘ಟೇಕ್ ಆ್ಯನ್ ಅಂಬ್ರೆಲಾ ಇನ್ ಕೇಸ್ ಇಟ್ ರೈನ್ಸ್’ ಅಂದರೆ ‘ಮಳೆ ಬಂದೀತು’ ಎಂದು ಕೊಡೆ. ಮೊದಲನೆಯದರಲ್ಲಿ ಮಳೆ ಬಂದ ಮೇಲೆ ಮಾಡುವ ಕೆಲಸ, ಎರಡನೆಯದರಲ್ಲಿ ಮಳೆ ಬರುವ ಮುನ್ನವೇ ಮಾಡಿಟ್ಟುಕೊಳ್ಳುವ ಕೆಲಸ. ‘ಬಂದರೆ’ ಮತ್ತು ‘ಬಂದೀತು’ ನಡುವಿನ ಅಂತರ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದನ್ನೇ ಹಿಡಿದುಕೊಂಡು ಹೋಗಿ. ‘ಬಂದೀತು’ ಅರ್ಥಕ್ಕೆ ‘ಇನ್ ಕೇಸ್’ ಆದ ಮೇಲೆ ಪೂರ್ತಿ ಉಪವಾಕ್ಯವೇ ಬರಲಿ: ‘ಕೀಪ್ ಸಮ್ ಕ್ಯಾಶ್ ಇನ್ ಕೇಸ್ ದೇರ್ ಈಸ್ ಎ ನೆಟ್‌ವರ್ಕ್ ಪ್ರಾಬ್ಲಮ್’.

‘ಇಟ್ ಈಸ್’ ಬಿಡಬಹುದಾದ ಸಂದರ್ಭ ಇಲ್ಲವೇ? ಇದೆ. ‘ಇಫ್ ಪಾಸಿಬಲ್’, ‘ವೆನ್ ನೆಸೆಸರಿ’, ‘ವೇರ್ ಅವೈಲಬಲ್’ ಎಲ್ಲರೂ ಬರೆಯುತ್ತಾರೆ, ಅವು ಸರಿ. ಅಲ್ಲಿ ಉಳಿದಿರುವುದು ವಿಶೇಷಣ. ಅದನ್ನು ನೋಡಿ ‘ಇಫ್ ಪ್ರಾಬ್ಲಮ್’, ‘ವೆನ್ ಹಾಲಿಡೇ’ ಎಂದು ನಾಮಪದಕ್ಕೂ ಅದೇ ರಿಯಾಯಿತಿ ಕೊಟ್ಟರೆ ತಪ್ಪು. ನಾಮಪದ ಒಂಟಿಯಾಗಿ ನಿಲ್ಲುವ ಸಂದರ್ಭವೂ ಒಂದಿದೆ, ಆದರೆ ಅದಕ್ಕೆ ಕಟ್ಟುಪಾಡು ಇದೆ: ಅದು ಮುಖ್ಯವಾಕ್ಯದ ಕರ್ತೃವನ್ನೇ ಹೇಳುತ್ತಿರಬೇಕು. ‘ದೋ ಎ ಸ್ಮಾಲ್ ವಿಲೇಜ್, ಇಟ್ ಹ್ಯಾಸ್ ಟೂ ಸ್ಕೂಲ್ಸ್’ ಸರಿ, ಯಾಕೆಂದರೆ ಹಳ್ಳಿಯೇ ಕರ್ತೃ. ‘ದೋ ಎ ಹಾಲಿಡೇ, ದ ಆಫೀಸ್ ಈಸ್ ಓಪನ್’ ಎಂದರೆ ಆಫೀಸೇ ಒಂದು ರಜೆ ಎಂದು ಓದಿಸಿಕೊಳ್ಳುತ್ತದೆ.

ಈಗ ಒಂದು ನೋಟೀಸನ್ನು ಹತ್ತಿರದಿಂದ ನೋಡೋಣ. ಉದಾಹರಣೆಗೆಂದೇ ಕಟ್ಟಿದ್ದು, ಆದರೆ ಇಂಥವು ಯಾವ ಸೊಸೈಟಿಯ ಹಲಗೆಯ ಮೇಲೂ ಸಿಗುತ್ತವೆ:

‘ಬಿಕಾಸ್ ಟ್ಯಾಂಕ್ ಕ್ಲೀನಿಂಗ್ ಟುಮಾರೋ, ವಾಟರ್ ವಿಲ್ ನಾಟ್ ಕಮ್ ಫ್ರಮ್ 10 ಟು 4. ಇಫ್ ಎಮರ್ಜೆನ್ಸಿ, ಕಾಂಟ್ಯಾಕ್ಟ್ ವಾಚ್‌ಮನ್. ಆಲ್ದೋ ಸಂಡೇ, ಬಟ್ ಸೊಸೈಟಿ ಆಫೀಸ್ ವಿಲ್ ಬಿ ಓಪನ್. ಇಫ್ ಎನಿ ಲೀಕೇಜ್ ಇನ್ ಯುವರ್ ಫ್ಲ್ಯಾಟ್, ಇನ್‌ಫಾರ್ಮ್ ಸೆಕ್ರೆಟರಿ. ಇಫ್ ನೋ ಕೋರಮ್, ಮೀಟಿಂಗ್ ವಿಲ್ ಬಿ ಅಡ್ಜರ್ನ್ಡ್.’

ಮೊದಲ ವಾಕ್ಯದಲ್ಲಿ ಟ್ಯಾಂಕ್ ತೊಳೆಯುವುದು ಒಂದು ಕೆಲಸ, ಅದಕ್ಕೆ ನಿಜವಾದ ಕರ್ತೃವನ್ನೇ ಕೊಡಬಹುದು: ‘ಬಿಕಾಸ್ ದ ವಾಟರ್ ಟ್ಯಾಂಕ್ಸ್ ಆರ್ ಬೀಯಿಂಗ್ ಕ್ಲೀನ್ಡ್ ಟುಮಾರೋ’. ಜಾಗ ತುಂಬುವ ಪದ ಬೇಕಾಗುವುದು ಅದರ ಮುಂದಿನ ಭಾಗಕ್ಕೆ. ‘ನೀರು ಇರುವುದಿಲ್ಲ’, ‘ಇಲ್ಲ’ ಬಂತು, ಆದ್ದರಿಂದ ‘ದೇರ್ ವಿಲ್ ಬಿ ನೋ ವಾಟರ್ ಸಪ್ಲೈ ಫ್ರಮ್ 10 ಎ.ಎಂ. ಟು 4 ಪಿ.ಎಂ.’ ಎರಡನೆಯದು ‘ಇನ್ ಆ್ಯನ್ ಎಮರ್ಜೆನ್ಸಿ’ ಅಥವಾ ‘ಇಫ್ ದೇರ್ ಈಸ್ ಆ್ಯನ್ ಎಮರ್ಜೆನ್ಸಿ’. ಮೂರನೆಯದರಲ್ಲಿ ಎರಡು ತಪ್ಪು. ‘ಭಾನುವಾರ ಅಲ್ಲ’ ಅನ್ನುವುದರಿಂದ ‘ಆಲ್ದೋ ಇಟ್ ಈಸ್ ಸಂಡೇ’ ಆಗಬೇಕು. ‘ಆಲ್ದೋ’ ಬಂದ ಮೇಲೆ ‘ಬಟ್’ ಬೇಡ. ಮರಾಠಿಯ ‘ಜರೀ–ತರೀ’ ಜೋಡಿ ಕಿವಿಯಲ್ಲಿ ಕೂತಿದ್ದರೆ ‘ಆಲ್ದೋ–ಬಟ್’ ತಾನಾಗಿ ಬರುತ್ತದೆ. ‘ಬಿಕಾಸ್–ಸೋ’ ಜೋಡಿಯೂ ಅಂಥದ್ದೇ. ನಾಲ್ಕನೆಯದು ‘ಇಫ್ ದೇರ್ ಈಸ್ ಎನಿ ಲೀಕೇಜ್’. ‘ಇಫ್ ಎನಿ’ ಎಂಬ ಗಂಟು ಇಂಗ್ಲಿಷಿನಲ್ಲಿ ಇದೆ, ಆದರೆ ಅದು ನಾಮಪದ ಆದ ಮೇಲೆ ಬರುತ್ತದೆ: ‘ಲೀಕೇಜಸ್, ಇಫ್ ಎನಿ, ಶುಡ್ ಬಿ ರಿಪೋರ್ಟೆಡ್’. ಕೊನೆಯದು ‘ಇಫ್ ದೇರ್ ಈಸ್ ನೋ ಕೋರಮ್’, ಅಂದರೆ ಸಭೆಗೆ ಬೇಕಾದಷ್ಟು ಸದಸ್ಯರು ಸೇರದಿದ್ದರೆ. ಸಭೆ ಮುಗಿದ ಮೇಲೆ ನಡಾವಳಿಯಲ್ಲಿ ಬರೆಯುವಾಗ ಇದೇ ಮಾತು ‘ದೇರ್ ಬೀಯಿಂಗ್ ನೋ ಕೋರಮ್, ದ ಮೀಟಿಂಗ್ ವಾಸ್ ಅಡ್ಜರ್ನ್ಡ್’ ಎಂಬ ರೂಪ ತಳೆಯುತ್ತದೆ. ಇಲ್ಲಿ ಜೋಡಿಸುವ ಪದವೇ ಇಲ್ಲ, ಆದರೂ ‘ದೇರ್’ ಹೋಗಲಿಲ್ಲ ನೋಡಿ. ‘ಇಟ್ ಬೀಯಿಂಗ್ ಎ ಹಾಲಿಡೇ’ ಕೂಡ ಇದೇ ಬಗೆಯದು. ನಡಾವಳಿಗೆ, ಕಾನೂನಿನ ಪತ್ರಕ್ಕೆ ಒಪ್ಪುತ್ತದೆ, ಮಾತಿಗೆ ಬಿಗಿಯಾಗುತ್ತದೆ.

‘ಬಿಕಾಸ್’ ಆದ ಮೇಲೆ ಒಂಟಿ ನಾಮಪದವನ್ನು ಈಚೆಗೆ ಇಂಗ್ಲಿಷಿನವರೇ ಬರೆಯುತ್ತಾರಲ್ಲ ಎಂದು ಯುವಕರು ಕೇಳುವುದುಂಟು. ನಿಜ. ಅಮೆರಿಕನ್ ಡಯಲೆಕ್ಟ್ ಸೊಸೈಟಿ ಎಂಬ ಭಾಷಾ ಅಧ್ಯಯನದ ಸಂಸ್ಥೆ 2013ರ ವರ್ಷದ ಪದವೆಂದು ‘ಬಿಕಾಸ್’ ಅನ್ನು ಆರಿಸಿದ್ದು ಈ ಹೊಸ ಬಳಕೆಗಾಗಿಯೇ. ಅದು ಜಾಲತಾಣದ ಸಲುಗೆಯ ಮಾತು. ನಿಯಮ ಬಲ್ಲವರು ಬೇಕೆಂದೇ ಮುರಿಯುವುದರಿಂದ ಅದಕ್ಕೆ ಬೆಲೆ. ರಜಾ ಅರ್ಜಿಯಲ್ಲಿ ಬರೆದರೆ ಓದುವವರು ಅದನ್ನು ಸಲುಗೆ ಎಂದುಕೊಳ್ಳುವುದಿಲ್ಲ, ತಪ್ಪು ಎಂದೇ ಓದುತ್ತಾರೆ.

ಉಪನ್ಯಾಸದ ನಂತರ ಬಂದ ಒಂದು ಪ್ರಶ್ನೆಯನ್ನೂ ಇಲ್ಲಿ ಸೇರಿಸಿದ್ದೇವೆ: ಇಷ್ಟೆಲ್ಲ ತಲೆನೋವು ಯಾಕೆ, ಎಲ್ಲ ಕಡೆ ‘ಡ್ಯೂ ಟು’ ಹಾಕಿ ನಾಮಪದ ಬರೆದರೆ ಆಗದೇ? ಒಂದೇ ಪದದ ಕಾರಣ ಆದರೆ ಆಗುತ್ತದೆ. ‘ಡ್ಯೂ ಟು ಹೆವಿ ರೈನ್’ ಚೆನ್ನಾಗಿಯೇ ಇದೆ. ಕಾರಣ ಸ್ವಲ್ಪ ಉದ್ದವಾದರೆ ಮಾತ್ರ ಕ್ರಿಯಾಪದವನ್ನೆಲ್ಲ ನಾಮಪದ ಮಾಡಬೇಕಾಗಿ ಬರುತ್ತದೆ: ‘ಡ್ಯೂ ಟು ನಾನ್-ಅವೈಲಬಿಲಿಟಿ ಆಫ್ ಸಫಿಶಿಯೆಂಟ್ ವಾಟರ್ ಇನ್ ದ ಅಂಡರ್‌ಗ್ರೌಂಡ್ ಟ್ಯಾಂಕ್’. ಸರ್ಕಾರಿ ಕಾಗದದ ಭಾಷೆ ಹೀಗೆ ಗಂಟುಗಂಟಾಗುವುದು ಇದರಿಂದಲೇ. ಅದನ್ನೇ ‘ಬಿಕಾಸ್ ದೇರ್ ಈಸ್ ನಾಟ್ ಎನಫ್ ವಾಟರ್ ಇನ್ ದ ಅಂಡರ್‌ಗ್ರೌಂಡ್ ಟ್ಯಾಂಕ್’ ಎಂದು ಬರೆದರೆ ನಾಲ್ಕನೆಯ ಮಾಳಿಗೆಯ ಅಜ್ಜಿಗೂ ಒಂದೇ ಓದಿಗೆ ತಿಳಿಯುತ್ತದೆ. ‘ನೋ’ ಬದಲು ಇಲ್ಲಿ ‘ನಾಟ್’ ಬಂದದ್ದು ‘ಎನಫ್’ ಇರುವುದರಿಂದ. ‘ಎನಫ್’, ‘ಮಚ್’, ‘ಮೆನಿ’, ‘ಎನಿ’ ಈ ನಾಲ್ಕಕ್ಕಿಂತ ಮೊದಲು ‘ದೇರ್ ಈಸ್ ನಾಟ್’, ‘ದೇರ್ ಆರ್ ನಾಟ್’ ಎಂದೇ ಬರೆಯಬೇಕು.